ಬೊಜ್ಜಿಗೆ ಬಾಯಿಯೊಂದೇ ಕಾರಣವೇ?



ನಿಮ್ಮ ಕಾಗದಗಳಲ್ಲಿ ಪದೇ ಪದೇ ಬರುವ ದೂರು ಒಂದಿದೆ. "ಅಕ್ಕಾ, ಮೈ ಬರ್ತಾನೇ ಇದೆ, ಏನು ಮಾಡಲಿ?" ಮದುವೆಯಲ್ಲಿ ಹೊಲಿಸಿದ ರವಿಕೆ ಈಗ ತೋಳಿಗೂ ಏರುವುದಿಲ್ಲ ಅಂತ ನಗುತ್ತಾ ಬರೆಯುವವರಿದ್ದಾರೆ. ಮಂಡಿ ನೋವು, ಮಹಡಿ ಹತ್ತಿದರೆ ಏದುಸಿರು, ಮೊನ್ನೆ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇದೆ ಅಂದರು ಎಂದು ಹೆದರಿ ಬರೆಯುವವರೂ ಇದ್ದಾರೆ. ಇವೆಲ್ಲಕ್ಕಿಂತ ಹೆಚ್ಚು ನೋಯಿಸುವುದು ಮನೆಯವರ ಮಾತು. "ಕೂತು ತಿಂದರೆ ಇನ್ನೇನಾಗುತ್ತೆ?" ಬೆಳಗಿನ ಐದು ಗಂಟೆಯಿಂದ ರಾತ್ರಿ ಹತ್ತರವರೆಗೆ ಕೂರಲು ಪುರಸೊತ್ತಿಲ್ಲದ ಹೆಣ್ಣಿಗೆ ಈ ಮಾತು!

ಈ ಸಲ ಪಥ್ಯದ ಪಟ್ಟಿಗೆ ಕೈಹಾಕುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಬೊಜ್ಜಿಗೆ ಬಾಯಿಚಪಲವೊಂದೇ ಕಾರಣವಾಗಿದ್ದರೆ, ಒಂದೇ ಒಲೆಯ ಅಡುಗೆ ಉಣ್ಣುವ ಗಂಡ ಹೆಂಡಿರಿಬ್ಬರಿಗೂ ಅದು ಒಂದೇ ಸಮ ಬರಬೇಕಿತ್ತಲ್ಲವೇ? ಹಾಗೆ ಬರುವುದಿಲ್ಲ. 2022ರ ಲೆಕ್ಕದಂತೆ ಪ್ರಪಂಚದಲ್ಲಿ ಬೊಜ್ಜಿರುವ ವಯಸ್ಕ ಹೆಂಗಸರು ಸುಮಾರು 50 ಕೋಟಿ, ಗಂಡಸರು ಸುಮಾರು 37 ಕೋಟಿ. ಕೆಲವು ದೇಶಗಳಲ್ಲಿ ಇಬ್ಬರದೂ ಹೆಚ್ಚುಕಡಿಮೆ ಸಮ, ಇನ್ನು ಕೆಲವು ಕಡೆ ಹೆಂಗಸರ ಲೆಕ್ಕ ಗಂಡಸರದಕ್ಕಿಂತ ಎಷ್ಟೋ ಮೇಲೆ.

2012ರಲ್ಲಿ ಲಂಡನ್ನಿನ ಕೆಲವು ಸಂಶೋಧಕರು ಅರವತ್ತಕ್ಕೂ ಹೆಚ್ಚು ದೇಶಗಳ ಲೆಕ್ಕ ಮುಂದಿಟ್ಟುಕೊಂಡು ಈ ಗಂಟು ಬಿಡಿಸಲು ನೋಡಿದರು. ಅವರಿಗೆ ಕಂಡದ್ದು ಇದು: ಹೆಣ್ಣು ಗಂಡಿನ ನಡುವೆ ಓದು, ಕೆಲಸ, ಅಧಿಕಾರಗಳ ಅಂತರ ಎಲ್ಲಿ ಜಾಸ್ತಿಯೋ, ಅಲ್ಲಿ ಹೆಂಗಸರ ಬೊಜ್ಜೂ ಗಂಡಸರದ್ದಕ್ಕಿಂತ ಜಾಸ್ತಿ ಇರುವುದು ಕಾಣುತ್ತದೆ. ಎಲ್ಲ ಕಡೆಯೂ ಹೀಗೇ ಅಂತಲ್ಲ, ಆದರೆ ಒಟ್ಟು ನೋಟ ಹೀಗಿದೆ. ಅಂದರೆ ನಮ್ಮ ಸೊಂಟದ ಸುತ್ತಳತೆಗೂ ಮನೆಯಲ್ಲಿ, ಊರಿನಲ್ಲಿ ನಮಗಿರುವ ಸ್ಥಾನಕ್ಕೂ ಏನೋ ನಂಟಿದೆ. ಅದು ಎಂಥ ನಂಟು? ಬನ್ನಿ, ಕೂತಲ್ಲೇ ನಾಲ್ಕಾರು ದೇಶ ಸುತ್ತಿ ಬರೋಣ.

ಹೊರಡುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಐದು ಅಡಿ ಎತ್ತರದ ಹೆಂಗಸು 58 ಕಿಲೋ ದಾಟಿದರೆ ಅದು 'ಹೆಚ್ಚು ತೂಕ', 70 ಕಿಲೋ ಮುಟ್ಟಿದರೆ 'ಬೊಜ್ಜು'. ಪ್ರಪಂಚದ ಸಮೀಕ್ಷೆಗಳೆಲ್ಲ ಈ ಅಳತೆಯಲ್ಲೇ ನಡೆಯುವುದು. ನಮ್ಮ ದೇಶದವರಿಗೆ ಕಮ್ಮಿ ತೂಕದಲ್ಲೇ ಸಕ್ಕರೆ ಕಾಯಿಲೆ ಅಂಟುವುದರಿಂದ ನಮ್ಮ ವೈದ್ಯರು ಇನ್ನೂ ಬಿಗಿ. ಅದೇ ಐದಡಿಯ ಹೆಂಗಸಿಗೆ 53 ಕಿಲೋ ದಾಟಿದರೇ ಎಚ್ಚರ ಅನ್ನುತ್ತಾರೆ.

ದಪ್ಪಗಿದ್ದರೇ ಚೆಂದ ಎನ್ನುವ ನಾಡು

ಆಫ್ರಿಕಾದ ಪಶ್ಚಿಮಕ್ಕೆ ಮಾರಿಟೇನಿಯಾ ಅಂತ ಮರಳುಗಾಡಿನ ದೇಶ. ಅಲ್ಲಿ ಹಿಂದಿನಿಂದಲೂ 'ಲೆಬ್ಲೂ' ಅನ್ನುವ ಪದ್ಧತಿ ಇದೆ. ಚಿಕ್ಕ ಹುಡುಗಿಯರಿಗೆ ಬೋಗುಣಿಗಟ್ಟಲೆ ಹಾಲು, ಬೆಣ್ಣೆ ಕಲಸಿದ ಹಿಟ್ಟಿನ ಮುದ್ದೆ ಬಲವಂತವಾಗಿ ಉಣ್ಣಿಸುವುದು. ವಾಂತಿಯಾದರೂ ಬಿಡುವಂತಿಲ್ಲ. ಉಣ್ಣಿಸುವವರು ಯಾರು ಗೊತ್ತೆ? ಮನೆಯ ಹಿರಿಯ ಹೆಂಗಸರೇ. ಮಗಳು ದುಂಡಗಿದ್ದರೆ ಅಪ್ಪ ಸ್ಥಿತಿವಂತ, ಬೇಗ ಮದುವೆಯಾಗುತ್ತದೆ ಅನ್ನುವ ಲೆಕ್ಕಾಚಾರ. 2000–01ರ ಸಮೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬ ಹೆಂಗಸು ಚಿಕ್ಕಂದಿನಲ್ಲಿ ತನಗೆ ಹೀಗೆ ಉಣ್ಣಿಸಿದ್ದರೆಂದು ಹೇಳಿದ್ದಳು. ಪಟ್ಟಣಗಳಲ್ಲಿ ಈಚೆಗೆ ಪದ್ಧತಿ ಕಡಿಮೆಯಾಗಿದೆ.

ಅಯ್ಯೋ ಪಾಪ ಅನ್ನಿಸುತ್ತದೆ ಅಲ್ಲವೇ? ಆದರೆ ಅಲ್ಲಿನ ಅಜ್ಜಿಯನ್ನು ಬೈದು ಪ್ರಯೋಜನವಿಲ್ಲ. ಹೆಣ್ಣಿಗೆ ಓದಿನಿಂದ, ದುಡಿಮೆಯಿಂದ ಬೆಲೆ ಬರುವ ದಾರಿ ಇಲ್ಲದ ಕಡೆ, ಮದುವೆಯ ಸಂತೆಯಲ್ಲಿ ಮೈಯೊಂದೇ ಅವಳ ಬಂಡವಾಳ. ಆ ಬಂಡವಾಳ ಬೆಳೆಸಲು ಅಜ್ಜಿ ತನಗೆ ತಿಳಿದಂತೆ ಹೆಣಗುತ್ತಾಳೆ.

ದಕ್ಷಿಣ ಆಫ್ರಿಕಾದಲ್ಲಿ ಬಲವಂತವಿಲ್ಲ. ಆದರೂ 2016ರ ಸಮೀಕ್ಷೆಯಲ್ಲಿ ನೂರಕ್ಕೆ 68 ಹೆಂಗಸರು ಹೆಚ್ಚು ತೂಕದವರು ಅಥವಾ ಬೊಜ್ಜಿನವರು. ಗಂಡಸರು 31 ಮಾತ್ರ. ಅಲ್ಲೂ ಅನೇಕ ಕಡೆ ತುಂಬಿದ ಮೈ ಅಂದರೆ ಸುಖವಾಗಿದ್ದಾಳೆ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನೆ ಅಂತ ಅರ್ಥ. ಸೊರಗಿದರೆ 'ಏಡ್ಸ್ ಬಂದಿರಬೇಕು' ಎಂದು ಜನ ಪಿಸುಗುಟ್ಟುತ್ತಾರೆಂಬ ಭಯ ಬೇರೆ. ಒಬ್ಬಂಟಿಯಾಗಿ ನಡೆದಾಡಲು ಹೆದರುವ ಬಡಾವಣೆಗಳೂ ಕಡಿಮೆಯಿಲ್ಲ. ಅಂಥ ಕಡೆ ಇರುವ ಹೆಣ್ಣಿಗೆ 'ದಿನಾ ಅರ್ಧ ಗಂಟೆ ನಡೀರಿ' ಎಂದು ಚೀಟಿ ಬರೆದುಕೊಟ್ಟರೆ ಅವಳು ನಡೆಯುವುದಾದರೂ ಎಲ್ಲಿ?

ಬಾಗಿಲು ಮುಚ್ಚಿದ್ದ ಮನೆ, ಅಗ್ಗದ ರೊಟ್ಟಿ

ಸೌದಿ ಅರೇಬಿಯಾಕ್ಕೆ ನಮ್ಮ ಕಡೆಯಿಂದಲೂ ದುಡಿಯಲು ಹೋದವರಿದ್ದಾರೆ, ಅದರ ಸುದ್ದಿ ನಿಮಗೂ ಅಷ್ಟಿಷ್ಟು ಗೊತ್ತಿರುತ್ತದೆ. 2013ರಲ್ಲಿ ಅಲ್ಲಿ ನಡೆದ ಆರೋಗ್ಯ ಸಮೀಕ್ಷೆಯಲ್ಲಿ ಬೊಜ್ಜಿನವರು ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ಸುಮಾರು 33. ಆಗಿನ ಸ್ಥಿತಿ ನೋಡಿ. ಸರ್ಕಾರಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಆಟದ ಪಿರಿಯಡ್ಡೇ ಇರಲಿಲ್ಲ. ಹೆಂಗಸರು ಕಾರು ಓಡಿಸುವಂತಿಲ್ಲ, ಕ್ರೀಡಾಂಗಣಕ್ಕೆ ಕಾಲಿಡುವಂತಿಲ್ಲ. ಒಲಿಂಪಿಕ್ಸಿಗೆ ಆ ದೇಶದ ಹೆಣ್ಣುಮಕ್ಕಳು ಮೊದಲ ಸಲ ಹೋದದ್ದೇ 2012ರಲ್ಲಿ, ಅದೂ ಇಬ್ಬರು. ಬಿಸಿಲೋ ಬಿಸಿಲು, ಹೊರಗೆ ಹೋಗಲು ಜೊತೆಗೊಬ್ಬ ಗಂಡಸು ಬೇಕು, ಮನೆಯೊಳಗೆ ಊಟಕ್ಕೇನೂ ಕೊರತೆಯಿಲ್ಲ. ಮೈ ಬರದೆ ಇನ್ನೇನಾದೀತು?

ಈಚೆಗೆ ಅಲ್ಲಿ ಒಂದೊಂದೇ ಬಾಗಿಲು ತೆರೆದಿದೆ. 2017ರಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೂ ವ್ಯಾಯಾಮ ಶಿಕ್ಷಣ ಒಪ್ಪಿದರು, ಹೆಂಗಸರ ವ್ಯಾಯಾಮ ಶಾಲೆಗಳಿಗೆ ಪರವಾನಗಿ ಕೊಡತೊಡಗಿದರು. 2018ರಲ್ಲಿ ಕ್ರೀಡಾಂಗಣದ ಬಾಗಿಲು ತೆರೆಯಿತು, ಅದೇ ವರ್ಷ ಜೂನ್ 24ರಿಂದ ಕಾರಿನ ಚಕ್ರವೂ ಅವರ ಕೈಗೆ ಬಂತು. ಒಂದು ಕಾನೂನಿನಿಂದ ತೂಕ ಕೂಡಲೇ ಇಳಿಯುವುದಿಲ್ಲ, ನಿಜ. ಆದರೆ ಓಡಬೇಕೆನ್ನುವ ಹುಡುಗಿಗೆ ಓಡಲು ಅನುಮತಿಯಾದರೂ ಸಿಕ್ಕಿತಲ್ಲ.

ಪಕ್ಕದ ಈಜಿಪ್ಟಿನ ಕಥೆ ಕೇಳಿ. ಅಲ್ಲಿನ ಸರ್ಕಾರ 2019ರ ಹೊತ್ತಿಗೆ ಸುಮಾರು ಐದು ಕೋಟಿ ಜನರನ್ನು ತೂಗಿ, ಅಳೆದು ನೋಡಿತು. ಬೊಜ್ಜಿನವರು ಗಂಡಸರಲ್ಲಿ ನೂರಕ್ಕೆ 30, ಹೆಂಗಸರಲ್ಲಿ ಹತ್ತಿರ ಹತ್ತಿರ 50. ಎರಡು ಹೆಂಗಸರಲ್ಲಿ ಒಬ್ಬಳು! ಅಲ್ಲಿ ಸಂಬಳದ ಕೆಲಸ ಮಾಡುವ ಹೆಂಗಸರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ಸರ್ಕಾರವೇ ಅಗ್ಗದಲ್ಲಿ ಕೊಡುವ ರೊಟ್ಟಿಯ ಬೆಲೆ 2024ರವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಏರಿರಲೇ ಇಲ್ಲ. ಸಕ್ಕರೆ, ಎಣ್ಣೆಗೂ ರಿಯಾಯಿತಿ. ಹಸಿವಿನಿಂದ ಯಾರೂ ಸಾಯಬಾರದು, ಆ ಉದ್ದೇಶ ದೊಡ್ಡದೇ. ಆದರೆ ಕೈಯಲ್ಲಿ ಕಾಸು ಕಮ್ಮಿಯಿರುವ ಗೃಹಿಣಿ ಮನೆಮಂದಿಯ ಹೊಟ್ಟೆ ತುಂಬಿಸುವುದು ಯಾವುದರಿಂದ? ರೊಟ್ಟಿಯಿಂದಲೇ. ಹಣ್ಣು, ಮಾಂಸ, ಒಳ್ಳೆ ತರಕಾರಿ ತಂದ ದಿನ ಅದು ಮೊದಲು ಮಕ್ಕಳಿಗೆ, ಆಮೇಲೆ ಗಂಡನಿಗೆ. ಅವಳ ಪಾಲಿಗೆ ಉಳಿಯುವುದು ಮತ್ತೆ ರೊಟ್ಟಿ. ನಮ್ಮಲ್ಲಿ ರೊಟ್ಟಿಯ ಜಾಗದಲ್ಲಿ ಅನ್ನ ಇಟ್ಟು ನೋಡಿ, ಕಥೆ ಬದಲಾಗುವುದಿಲ್ಲ.

ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಸರಿಯಾಗಿ ಉಣ್ಣದೆ ಬೆಳೆದ ಹೆಣ್ಣುಮಗುವಿನ ದೇಹ ಮುಂದೆ ಕೊಂಚ ಹೆಚ್ಚು ಅನ್ನ ಸಿಕ್ಕರೂ ಅದನ್ನು ಕೊಬ್ಬಾಗಿ ಕೂಡಿಡುವ ಸಂಭವ ಹೆಚ್ಚು ಎನ್ನುತ್ತಾರೆ ತಿಳಿದವರು. ಮಗನಿಗೆ ಲೋಟ ತುಂಬ ಹಾಲು, ಮಗಳಿಗೆ ಅರ್ಧ ಲೋಟ ಎಂಬ ತಾರತಮ್ಯದ ಫಲ ನಲವತ್ತನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಯಾಗಿ ಬಂದು ನಿಲ್ಲಬಹುದು.

ಹಾಗಾದರೆ ಸಮಾನತೆ ಬಂದರೆ ಎಲ್ಲ ಸರಿಹೋಯಿತೇ?

ಅಷ್ಟು ಸುಲಭವಿಲ್ಲ, ತಂಗಿಯರೇ. ಅಮೆರಿಕೆಯಲ್ಲಿ ಹೆಂಗಸರಿಗೆ ದೇಶದಾದ್ಯಂತ ಮತದ ಹಕ್ಕು ಬಂದದ್ದು 1920ರಲ್ಲಿ. ಓದುತ್ತಾರೆ, ದುಡಿಯುತ್ತಾರೆ, ಕಾರು ಓಡಿಸುತ್ತಾರೆ. ಆದರೂ 2021–23ರ ಲೆಕ್ಕದಲ್ಲಿ ನೂರಕ್ಕೆ 41 ಹೆಂಗಸರಿಗೆ ಬೊಜ್ಜು. ಗಂಡಸರಿಗೂ 39. ನಡೆಯಲು ಜಾಗವಿಲ್ಲದ ಊರುಗಳು, ಎಲ್ಲದಕ್ಕೂ ಕಾರು, ಅಡುಗೆ ಮಾಡುವುದಕ್ಕಿಂತ ಅಗ್ಗಕ್ಕೆ ಸಿಗುವ ಪೊಟ್ಟಣದ ತಿಂಡಿ. ಅಲ್ಲೂ ಒಂದು ಸೂಕ್ಷ್ಮವಿದೆ. ಕಾಲೇಜು ಮುಗಿಸಿದ ಹೆಂಗಸರಲ್ಲಿ ಬೊಜ್ಜು ಕಡಿಮೆ, ಓದು ಕಮ್ಮಿಯಾದವರಲ್ಲಿ ಹೆಚ್ಚು.

ಜಪಾನಿನದು ಇನ್ನೊಂದು ತಮಾಷೆ. ಹೆಣ್ಣು ಗಂಡಿನ ಸಮಾನತೆಯಲ್ಲಿ 2024ರಲ್ಲಿ 146 ದೇಶಗಳ ಪೈಕಿ 118ನೆಯ ಸ್ಥಾನ. ಆದರೆ ಬೊಜ್ಜಿನವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಇದರಲ್ಲಿ ನಾವು ಮೆಚ್ಚುವಂಥದ್ದೂ ಇದೆ. ಶಾಲೆಯ ಊಟಕ್ಕೆ 1954ರಲ್ಲೇ ಕಾನೂನು ಮಾಡಿದರು. ಮಕ್ಕಳೇ ಬಡಿಸಿಕೊಂಡು, ಎಲ್ಲರೂ ಒಂದೇ ಊಟ ಉಂಡು, ಯಾವುದು ಎಷ್ಟು ತಿನ್ನಬೇಕೆಂದು ಅಲ್ಲೇ ಕಲಿಯುತ್ತಾರೆ. ಮೆಚ್ಚದಿರುವಂಥದ್ದೂ ಇದೆ. ಇಪ್ಪತ್ತರ ಹರೆಯದ ಹುಡುಗಿಯರಲ್ಲಿ ಸುಮಾರು ಐವರಲ್ಲಿ ಒಬ್ಬಳು ತೀರಾ ಸಣಕಲು. ಬಳುಕುವ ಬಳ್ಳಿಯಂತಿರಬೇಕೆಂಬ ಒತ್ತಾಯಕ್ಕೆ ಹೊಟ್ಟೆ ಕಟ್ಟುತ್ತಾರೆ. ಮಾರಿಟೇನಿಯಾದಲ್ಲಿ ದಪ್ಪಗಾಗು ಎನ್ನುತ್ತಾರೆ, ಜಪಾನಿನಲ್ಲಿ ಸಣ್ಣಗಾಗು ಎನ್ನುತ್ತಾರೆ. ಎರಡೂ ಕಡೆ ಅವಳ ಮೈ ಹೇಗಿರಬೇಕೆಂದು ಹೇಳುವವರು ಬೇರೆಯವರು.

ಆದ್ದರಿಂದ ಸ್ವಾತಂತ್ರ್ಯವೆಂದರೆ ತೆಳ್ಳಗಾಗುವುದು ಎಂದು ನಾನು ಹೇಳುತ್ತಿಲ್ಲ. ತನ್ನ ಮೈಯ ಆರೋಗ್ಯ ನೋಡಿಕೊಳ್ಳಲು ಬೇಕಾದ ಹೊತ್ತು, ಜಾಗ, ನಾಲ್ಕು ಕಾಸು, ತಿಳಿವಳಿಕೆ ಇವು ಹೆಣ್ಣಿನ ಕೈಯಲ್ಲಿರಬೇಕು. ನನಗೆ ಅರ್ಥವಾದ ಸಬಲತೆ ಇಷ್ಟೇ.

ಇನ್ನು ನಮ್ಮ ಹಿತ್ತಲಿಗೆ ಬರೋಣ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಹೆಚ್ಚು ತೂಕದವರು. ಪಟ್ಟಣಗಳಲ್ಲಿ 33, ಹಳ್ಳಿಗಳಲ್ಲಿ 20. ನಮ್ಮ ಕರ್ನಾಟಕದಲ್ಲಿ 2015–16ರಲ್ಲಿ 23 ಇದ್ದದ್ದು ಈ ಸಮೀಕ್ಷೆಯ ಹೊತ್ತಿಗೆ 30 ಆಗಿತ್ತು. ಗಂಡಸರೂ ಹೆಚ್ಚುಕಡಿಮೆ ನಮ್ಮಷ್ಟೇ ಇದ್ದಾರೆ, ಅವರದೂ ಸುಮಾರು 31. ಇನ್ನೊಂದು ಕಡೆ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮೈ ತುಂಬ ಕೊಬ್ಬು, ರಕ್ತದಲ್ಲಿ ಕಬ್ಬಿಣದಂಶವಿಲ್ಲ! ಹೊಟ್ಟೆ ತುಂಬಿದೆ, ಪೋಷಣೆ ಸಿಕ್ಕಿಲ್ಲ ಅಂತಲೇ ಅರ್ಥ.

"ಮನೆಗೆಲಸವೇ ಸಾಕಷ್ಟು ವ್ಯಾಯಾಮ" ಎನ್ನುವವರು ನಮ್ಮಲ್ಲಿ ಬಹಳ. ನಮ್ಮ ಅಜ್ಜಿಯರ ಕಾಲಕ್ಕೆ ಅದು ನಿಜವಿತ್ತು. ಬೀಸುವುದು, ಕುಟ್ಟುವುದು, ಒರಳಲ್ಲಿ ರುಬ್ಬುವುದು, ಬಾವಿಯಿಂದ ನೀರು ಸೇದುವುದು. ಆ ಕಷ್ಟ ಮತ್ತೆ ಬರಲಿ ಎಂದು ನಾನಂತೂ ಹೇಳುವುದಿಲ್ಲ. ಅವರ ಬೆನ್ನು ಬಾಗಿದ್ದನ್ನು ಕಂಡಿದ್ದೇವಲ್ಲ! ಈಗ ಮಿಕ್ಸಿ, ಗ್ರೈಂಡರ್, ಗ್ಯಾಸು ಬಂದು ಬೆವರು ಕಡಿಮೆಯಾಯಿತು, ಹೊತ್ತು ಮಾತ್ರ ಉಳಿಯಲಿಲ್ಲ. 2024ರ ಸರ್ಕಾರಿ ಸಮೀಕ್ಷೆ ಹೇಳುವಂತೆ, ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ. ಅದಕ್ಕೆ ಕೈಹಾಕುವ ಗಂಡಸು 88 ನಿಮಿಷ. ಅದೂ ಕೈಹಾಕುವ ಗಂಡಸು! ಆ ಐದು ಗಂಟೆಯಲ್ಲಿ ಹೆಚ್ಚಿನದು ಒಲೆಯ ಮುಂದೆ ನಿಂತೇ ಕಳೆಯುತ್ತದೆ. ಕಾಲು ಸೋಲುತ್ತದೆ, ಆದರೆ ಮೈಗೆ ಬೇಕಾದ ಚುರುಕು ನಡಿಗೆ ಆಗುವುದಿಲ್ಲ. ದಣಿವೇ ಬೇರೆ, ವ್ಯಾಯಾಮವೇ ಬೇರೆ.

ಪರಿಚಯದ ಒಬ್ಬರಿಗೆ, ಸಂಜೆ ಸ್ವಲ್ಪ ನಡೆಯಬಾರದೇ ಎಂದೆ. ಅವರು ಅಂದರು: "ಅಯ್ಯೋ ಅಕ್ಕಾ, ಆರಕ್ಕೆ ಹಾಲು, ಏಳಕ್ಕೆ ತಿಂಡಿ, ಎಂಟಕ್ಕೆ ಡಬ್ಬಿ, ಮಾವನೋರ ಮಾತ್ರೆ, ಮಧ್ಯಾಹ್ನದ ಅಡುಗೆ. ಸಂಜೆ ಒಂದ್ ಚೂರು ಹೊತ್ತು ಸಿಕ್ತು ಅಂತ ರಸ್ತೆಗಿಳಿದ್ರೆ, 'ಈವಮ್ಮ ದಿನಾ ಎಲ್ಲಿಗೆ ಹೋಗ್ತಾಳೆ' ಅಂತ ಬೀದಿಯೋರು ಕೇಳ್ತಾರೆ. ಅವರಿಗೆ ಉತ್ತರ ಹೇಳೋಕಿಂತ ಮನೇಲಿ ಕೂತು ಧಾರಾವಾಹಿ ನೋಡೋದೇ ವಾಸಿ."

ನೋಡಿದಿರಾ? ಸೌದಿಯಲ್ಲಿ ಕಾನೂನು ಕೂಡಿಹಾಕಿದ ಕೆಲಸವನ್ನು ನಮ್ಮ ಊರುಗಳಲ್ಲಿ 'ಜನ ಏನಂತಾರೋ' ಎನ್ನುವ ಮಾತೇ ಮಾಡಿಬಿಡುತ್ತದೆ. ನಮ್ಮ ಹುಡುಗಿಯರ ಕುಂಟೆಬಿಲ್ಲೆ, ಹಗ್ಗದಾಟ ಎಂದು ನಿಲ್ಲುತ್ತದೆ, ನೆನಪು ಮಾಡಿಕೊಳ್ಳಿ. ದೊಡ್ಡವಳಾದ ದಿನ. ಅಣ್ಣ ಮೈದಾನದಲ್ಲಿ ಕ್ರಿಕೆಟ್ಟು, ತಂಗಿ ಒಳಗೆ. 2006–07ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಎರಡು ಜಡೆಯ ಹುಡುಗಿಯರು ಸಾಲಾಗಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುವುದನ್ನು ನೋಡಿ ಎಷ್ಟು ತಾಯಂದಿರ ಕಣ್ಣು ತಂಪಾಯಿತು! ಅದು ಓದಿಗಷ್ಟೇ ಅಲ್ಲ, ಅವರ ಎಲುಬಿಗೂ ಗುಂಡಿಗೆಗೂ ಆದ ಉಪಕಾರ.

ಮನೆಯಿಂದಲೇ ಮೊದಲು ಮಾಡಬಹುದಾದದ್ದು

*ದಾರದ ಪರೀಕ್ಷೆ:* ನಿಮ್ಮ ಎತ್ತರದಷ್ಟೇ ಉದ್ದದ ದಾರ ತೆಗೆದುಕೊಂಡು ಎರಡಾಗಿ ಮಡಚಿ, ಹೊಕ್ಕುಳಿನ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿ. ತುದಿಗಳು ಸೇರಿದರೆ ಚಿಂತೆಯಿಲ್ಲ. ಸೇರದಿದ್ದರೆ ಎಚ್ಚರಿಕೆಯ ಗಂಟೆ. ಒಟ್ಟು ತೂಕಕ್ಕಿಂತ ಹೊಟ್ಟೆಯ ಬೊಜ್ಜೇ ಹೆಚ್ಚು ಅಪಾಯ. ಹೆಂಗಸರ ಸೊಂಟ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಅಂಗುಲದ ಒಳಗಿರಬೇಕು. ದಾಟಿದ್ದರೆ ಸಕ್ಕರೆ, ರಕ್ತದೊತ್ತಡ, ಥೈರಾಯಿಡ್ ಪರೀಕ್ಷೆ ಮಾಡಿಸಿ. ಜಾಹೀರಾತಿನ ಪುಡಿ, ಮಾತ್ರೆಗಳ ಗೊಡವೆ ಬೇಡ.

*ಹೊಟ್ಟೆ ತಿಪ್ಪೆಯಲ್ಲ:* ಮಗು ಬಿಟ್ಟ ಅರ್ಧ ದೋಸೆ, ಪಾತ್ರೆಯಲ್ಲಿ ಉಳಿದ ಹಿಡಿ ಅನ್ನ, 'ಬಿಸಾಡಬಾರದು' ಅಂತ ನಾವೇ ತಿನ್ನುತ್ತೇವೆ. ಅನ್ನಪೂರ್ಣೆಯನ್ನು ಬಿಸಾಡಬೇಡಿ, ನಿಜ. ಆದರೆ ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಮ್ಮಿ ಹಾಕಿ. ಸಾಧ್ಯವಾದರೆ ಎಲ್ಲರ ಜೊತೆಗೇ ಕೂತು ಊಟ ಮಾಡಿ. ಕಡೆಗೆ ಉಣ್ಣುವವಳ ಪಾಲಿಗೆ ಪಲ್ಯ ಉಳಿಯುವುದಿಲ್ಲ, ಅನ್ನ ತಿಳಿಸಾರು ಮಾತ್ರ ಉಳಿಯುತ್ತದೆ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಕೋಸಂಬರಿ. ಕಾಲು ಭಾಗ ಬೇಳೆಕಾಳು. ಇನ್ನು ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ.

*ಸಕ್ಕರೆಯ ಲೆಕ್ಕ:* ದಿನಕ್ಕೆ ಎಲ್ಲ ಸೇರಿ ಆರು ಚಿಕ್ಕ ಚಮಚೆ ಮೀರದಿದ್ದರೆ ಒಳ್ಳೆಯದು. ಎರಡೆರಡು ಚಮಚೆಯಂತೆ ಐದು ಲೋಟ ಕಾಫಿ ಕುಡಿದರೆ ಹತ್ತು ಚಮಚೆ ಅಲ್ಲೇ ಆಯಿತು. ಉಪವಾಸವೆಂದು ಬೆಳಿಗ್ಗೆ ಬಿಟ್ಟು ಸಂಜೆ ಸಾಬಕ್ಕಿ ಒಗ್ಗರಣೆ, ಬಾಳೆಹಣ್ಣಿನ ರಸಾಯನ ಹೊಡೆದರೆ ಪುಣ್ಯ ಬರಬಹುದು, ತೂಕ ಇಳಿಯದು! ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಊಟ ಬಿಡಲೇಬಾರದು.

*ಸಂಜೆಯ ಹಸಿವಿಗೆ:* ಬೇಕರಿಯ ಬಿಸ್ಕತ್ತಿನ ಬದಲು ಮೊಳಕೆ ಹೆಸರುಕಾಳಿನ ಉಸಲಿ. ಎರಡು ಹಿಡಿ ಮೊಳಕೆಕಾಳು ಐದು ನಿಮಿಷ ಬೇಯಿಸಿ. ಒಂದು ಚಮಚೆ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟು, ಉಪ್ಪು, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು ಬೆರೆಸಿ, ನಿಂಬೆರಸ ಹಿಂಡಿ. ನಿಂಬೆಯ ಹುಳಿಯಿಂದ ಕಾಳಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

*ಗುಂಪಿನ ನಡಿಗೆ:* ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ ಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಒಬ್ಬಳೇ ಹೋದರೆ ಊರು ಕಣ್ಣು ಬಿಡುತ್ತದೆ, ಹತ್ತು ಜನ ಹೋದರೆ ಊರಿಗೆ ಅಭ್ಯಾಸವಾಗುತ್ತದೆ. ನಿಮ್ಮ ಸ್ವಸಹಾಯ ಸಂಘದವರನ್ನೋ ಭಜನಾ ಮಂಡಳಿಯವರನ್ನೋ ಕರೆಯಿರಿ. ಶಾಲೆಯ ಮೈದಾನವನ್ನು ಸಂಜೆ ಒಂದು ಗಂಟೆ ಹೆಂಗಸರಿಗೆ ಬಿಟ್ಟುಕೊಡಿ, ರಸ್ತೆಗೆ ದೀಪ ಹಾಕಿಸಿ ಎಂದು ಪಂಚಾಯತಿಗೆ ಅಥವಾ ಪುರಸಭೆಗೆ ಅರ್ಜಿ ಕೊಡಿ. ಅಲ್ಲಿ ಹೆಂಗಸರು ಸದಸ್ಯರಾಗಿರುತ್ತಾರೆ, ಅವರ ಮನೆ ಬಾಗಿಲು ತಟ್ಟಿ.

*ಮನೆಯಲ್ಲಿ ಮಾತು:* ಆ ಅರ್ಧ ಗಂಟೆಯ ಕೆಲಸ ಯಾರಾದರೂ ಹೊರಬೇಕಲ್ಲ? "ಸಂಜೆ ಆರರಿಂದ ಆರೂವರೆ ನಾನಿರುವುದಿಲ್ಲ, ಕುಕ್ಕರ್ ನೀವು ನೋಡಿಕೊಳ್ಳಿ ಅಂದ್ರೆ" ಎಂದು ಯಜಮಾನರಿಗೆ ಸಮಾಧಾನವಾಗಿ ಹೇಳಿ. ಮಗನಿಗೆ ತನ್ನ ತಟ್ಟೆ ತೊಳೆಯಲು ಕಲಿಸಿ. ಮಂಡಿ ಕುಸಿದು ನೀವು ಹಾಸಿಗೆ ಹಿಡಿದರೆ ಇಡೀ ದಿನದ ಕೆಲಸವೇ ಅವರ ತಲೆಗೆ ಬರುತ್ತದೆ, ಅದಕ್ಕಿಂತ ಅರ್ಧ ಗಂಟೆ ಹಗುರ. ಮಗಳನ್ನಂತೂ ಆಟದಿಂದ ಬಿಡಿಸಬೇಡಿ. ಅವಳ ತಟ್ಟೆಗೂ ಅಣ್ಣನಷ್ಟೇ ಹಾಲು, ಮೊಟ್ಟೆ, ಕಾಳು ಬೀಳಲಿ. 'ದಪ್ಪಗಿದ್ದೀಯ, ಯಾರು ಕಟ್ಟಿಕೊಳ್ತಾರೆ' ಎನ್ನುವ ಮಾತು ಮಾತ್ರ ಅವಳ ಕಿವಿಗೆ ಹಾಕಬೇಡಿ. ಮಾರಿಟೇನಿಯಾದ ಅಜ್ಜಿಯೂ ಹೀಗೆಯೇ ಮದುವೆಯ ಕಣ್ಣಿನಿಂದಲೇ ಮೊಮ್ಮಗಳನ್ನು ನೋಡಿದ್ದು.

ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಗಾದೆ ಸುಳ್ಳಲ್ಲ. ಆದರೆ ಊಟ ಬಲ್ಲವಳಾಗಲು ತನ್ನ ಪಾಲಿನ ಊಟ, ತನ್ನ ಪಾಲಿನ ಹೊತ್ತು ಎರಡೂ ಅವಳಿಗೆ ಸಿಗಬೇಕು. ನಿಮ್ಮೂರಿನಲ್ಲಿ ನಡಿಗೆಯ ಗುಂಪು ಶುರುವಾದರೆ ನಮಗೊಂದು ಸಾಲು ಬರೆಯಿರಿ, ಬೇರೆ ಊರಿನವರಿಗೂ ಹುರುಪು ಬಂದೀತು. ಮುಂದಿನ ಸಂಚಿಕೆಯಲ್ಲಿ ರಕ್ತಹೀನತೆಗೆ ನುಗ್ಗೆಸೊಪ್ಪಿನ ನಾಲ್ಕು ಅಡುಗೆಗಳೊಂದಿಗೆ ಬರುತ್ತೇನೆ. ಅಲ್ಲಿಯವರೆಗೆ ಆ ದಾರದ ಪರೀಕ್ಷೆ ಮರೆಯಬೇಡಿ.